ಸಂಘ ಅಂದರೆ ಯಾರು?

ಗುರುವಾರ ಸಂಜೆ ಏಳಕ್ಕೆ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುವುದು, ಒಂಬತ್ತೂವರೆಗೆ ಜಮಖಾನೆ ಮಡಚಿಟ್ಟು ಮನೆಗೆ ಹೋಗುವುದು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ನಮ್ಮ ಸಂಗೀತ ಕೂಟ ಹನ್ನೊಂದು ವರ್ಷ ನಡೆದದ್ದು ಹೀಗೆ. ಹದಿನಾಲ್ಕು ಮಂದಿ ಇದ್ದೆವು. ಮೂವರು ಶಾಲಾ ಮಾಸ್ತರರು, ಇಬ್ಬರು ಬ್ಯಾಂಕಿನವರು, ಒಬ್ಬರು ಔಷಧಿ ಅಂಗಡಿಯವರು, ಒಬ್ಬ ಗಡಿಯಾರ ರಿಪೇರಿಯವರು, ಹೀಗೆ. ಹಾಡಿ ಹೊಟ್ಟೆ ಹೊರೆಯುವವರು ಯಾರೂ ಇರಲಿಲ್ಲ. ತಿಂಗಳಿಗೆ 200 ರೂಪಾಯಿ ಚಂದಾ. ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಒಂದು ಎಲೆಕ್ಟ್ರಾನಿಕ್ ತಂಬೂರಿ. ಯಮನ್‌ನಿಂದ ಆರಂಭವಾದ ಸಂಜೆ ಭೈರವಿಗೆ ಮುಗಿಯುವಾಗ ಅಂದಿನ ದಣಿವೆಲ್ಲ ಇಳಿದಿರುತ್ತಿತ್ತು. ನಮಗೊಂದು ಹೆಸರಿತ್ತು, ಬ್ಯಾನರ್ ಇತ್ತು, ರಬ್ಬರ್ ಸೀಲೂ ಇತ್ತು. ಅಷ್ಟಿದ್ದರೆ ಸಂಘವಾಯಿತು ಎಂದು ನಾವು ತಿಳಿದಿದ್ದೆವು.

ಹತ್ತನೆಯ ವರ್ಷದ ನೆನಪಿಗೆ ಹೊರಗಿನಿಂದ ಗಾಯಕರೊಬ್ಬರನ್ನು ಕರೆಸಿ ಕಾರ್ಯಕ್ರಮ ಮಾಡಿದೆವು. ಬಯಲಿನಲ್ಲಿ ಪೆಂಡಾಲ್ ಹಾಕಿಸಿದ್ದೆವು. ಧ್ವನಿವರ್ಧಕದವರೊಂದಿಗೆ ಕರಾರು ಮಾಡಿಕೊಂಡವರು ನಮ್ಮ ಕಾರ್ಯದರ್ಶಿ. ಅವರು ನಿವೃತ್ತ ಮಾಸ್ತರರು, ಎಲ್ಲರಿಗಿಂತ ಮೆತ್ತನೆಯ ಮನುಷ್ಯ. ಎಂಟೂವರೆಗೆ ಅಕಾಲದ ಮಳೆ ಹೊಡೆಯಿತು. ಜನ ಚದುರಿದರು. ಮಿಕ್ಸರಿಗೆ, ಎರಡು ಆಂಪ್ಲಿಫೈಯರುಗಳಿಗೆ ನೀರು ಹೋಯಿತು. ಹಾನಿಯಾದರೆ ತುಂಬಿಕೊಡಬೇಕು ಎಂಬ ಮಾತು ಕರಾರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ತಿಂಗಳೊಪ್ಪತ್ತಿನಲ್ಲಿ 68 ಸಾವಿರ ರೂಪಾಯಿಯ ನೋಟೀಸು ಮಾಸ್ತರರ ಮನೆಬಾಗಿಲಿಗೆ ಬಂತು.

ನೋಟೀಸು ಹಿಡಿದು ನಾವು ನಾಲ್ವರು ವಕೀಲರ ಬಳಿಗೆ ಹೋದೆವು. ಅವರು ಕಾಗದ ಓದಿ ಮುಗಿಸಿ ಕೇಳಿದರು: “ಕರಾರಿಗೆ ಸಹಿ ಯಾರು ಮಾಡ್ಯಾರ್ರಿ?”

“ನಾನ ಮಾಡೀನ್ರಿ, ಸಂಘದ ಪರವಾಗಿ,” ಎಂದರು ಮಾಸ್ತರರು.

“ಸಂಘ ಅಂದ್ರ ಯಾರು, ಮಾಸ್ತರ?”

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಾನೂನಿನಲ್ಲೂ ಇರಲಿಲ್ಲ. ಮಾಸ್ತರರು ಮಗಳ ಮದುವೆಗೆಂದು ಇಟ್ಟ ಠೇವಣಿ ಮುರಿದು ಹಣ ಕಟ್ಟಿದರು. ಐದು ಮಂದಿ ತಮ್ಮ ಪಾಲು ಕೊಟ್ಟರು, ಉಳಿದವರು ಕೊಡಲಿಲ್ಲ. ಕೊಡದವರು ಕೆಟ್ಟವರೆಂದು ಹೇಳಲಾರೆವು. ‘ನಮ್ಮನ್ನು ಕೇಳಿ ಸಹಿ ಮಾಡಿದ್ದರೇ?’ ಎಂಬ ಅವರ ಮಾತಿಗೂ ನಮ್ಮಲ್ಲಿ ಉತ್ತರವಿರಲಿಲ್ಲ. ಗುರುವಾರ ಬರುವವರು ಹತ್ತಾದರು, ಆರಾದರು, ಒಂದು ವಾರ ಯಾರೂ ಬರಲಿಲ್ಲ. ಹಾರ್ಮೋನಿಯಂ ಇಂದಿಗೂ ಮಾಸ್ತರರ ಮನೆಯ ಅಟ್ಟದ ಮೇಲಿದೆ. ಅದು ಯಾರದೆಂದು ಯಾರಿಗೂ ಗೊತ್ತಿಲ್ಲ.

ಸಂಗೀತ ವಿಮರ್ಶೆಯೆಂದರೆ ರಾಗ, ಘರಾಣೆ, ಗಾಯಕಿಯ ಮಾತು ಎಂಬುದು ರೂಢಿ. ಆದರೆ ಊರೂರಿನಲ್ಲಿ ಹಾಡು ಉಳಿದಿರುವುದು ಇಂಥ ಸಣ್ಣ ಕೂಟಗಳಲ್ಲಿ. ಅವು ಹುಟ್ಟುವುದು ಪ್ರೀತಿಯಿಂದ, ಸಾಯುವುದು ಹೆಚ್ಚಾಗಿ ಲೆಕ್ಕದಿಂದ. ಆದ್ದರಿಂದ ಕೂಟದ ಕಟ್ಟಡವನ್ನೂ ವಿಮರ್ಶೆಗೆ ಒಡ್ಡಬೇಕಾಗಿದೆ. ಇಲ್ಲಿ ಕಟ್ಟಡವೆಂದರೆ ಇಟ್ಟಿಗೆಯದಲ್ಲ, ಕಾಗದದ್ದು.

ಆಶ್ರಯದಾತ ಹೋದ, ಹೊಣೆ ಎಲ್ಲಿ ಹೋಯಿತು?

ಅರಮನೆಯ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರು ದಸರೆಗೆ ಬಂದು ಹಾಡಿದಾಗ ಖರ್ಚುವೆಚ್ಚ, ಲಾಭನಷ್ಟ ಎಲ್ಲ ದರ್ಬಾರಿನದು. ಅವರ ಶಿಷ್ಯ ಸವಾಯಿ ಗಂಧರ್ವರ ಕುಂದಗೋಳದಲ್ಲಿ ನಾಡಿಗೇರರ ವಾಡೆ ಸಂಗೀತಕ್ಕೆ ಮನೆಯಾಯಿತು. ಅಲ್ಲಿ ಹೊಣೆ ಹೊತ್ತದ್ದು ಒಂದು ಮನೆತನ. ಮಿರಜದ ದರ್ಗಾದ ಉರುಸಿನಲ್ಲಿ ಖಾನ್ ಸಾಹೇಬರ ನೆನಪಿಗೆ ನಡೆಯುವ ಸಂಗೀತಕ್ಕೆ ದರ್ಗಾದ ಆಸರೆಯಿದೆ. ಹಳ್ಳಿಯ ಮೊಹರಂ ರಿವಾಯತ್ ಮೇಳಕ್ಕೆ, ಭಜನಾ ಮಂಡಳಿಗೆ ಊರ ಹಿರಿಯರ ಮಾತೇ ಬೈಲಾ. ಡೋಲು ಒಡೆದರೆ ಯಾರು ತರಬೇಕೆಂದು ಅಲ್ಲಿ ಎಲ್ಲರಿಗೂ ಗೊತ್ತು.

ಚಂದಾ ಎತ್ತಿ ಸಂಗೀತ ಕೇಳುವ ಪದ್ಧತಿ ಬೇರೆ ಬಗೆಯದು. ಪುಣೆಯ ಗಾಯನ ಸಮಾಜ 1874ರಲ್ಲಿ, ಬೆಂಗಳೂರು ಗಾಯನ ಸಮಾಜ 1905ರಲ್ಲಿ ಹುಟ್ಟಿದವು. ನೌಕರರು, ವಕೀಲರು, ವ್ಯಾಪಾರಿಗಳು ತಾವೇ ಸೇರಿ ತಮಗೆ ಬೇಕಾದ ಸಂಗೀತವನ್ನು ಕರೆಸಿಕೊಳ್ಳುವುದು ದೊಡ್ಡ ಪ್ರಜಾಪ್ರಭುತ್ವದ ಹೆಜ್ಜೆಯೇ ಆಗಿತ್ತು. ರಾಜನ ಕಡೆ ನೋಡಬೇಕಿರಲಿಲ್ಲ, ಜಮೀನ್ದಾರನ ವಾಡೆಯ ಹೊಸ್ತಿಲು ಕಾಯಬೇಕಿರಲಿಲ್ಲ. ಆದರೆ ಈ ಬದಲಾವಣೆಯಲ್ಲಿ ನಾವು ಅಧಿಕಾರವನ್ನು ಹಂಚಿಕೊಂಡಷ್ಟು ಚೆನ್ನಾಗಿ ಹೊಣೆಯನ್ನು ಹಂಚಿಕೊಳ್ಳಲಿಲ್ಲ. ಯಾವ ಗಾಯಕರನ್ನು ಕರೆಸಬೇಕೆಂದು ಹದಿನಾಲ್ಕು ಮಂದಿಯೂ ಹೇಳುತ್ತೇವೆ. ನಷ್ಟವಾದಾಗ ಮಾತ್ರ ಹಳೆಯ ರಾಜನ ಸ್ಥಾನದಲ್ಲಿ ಒಬ್ಬ ಪೆನ್ಶನ್‌ದಾರ ಕಾರ್ಯದರ್ಶಿ ನಿಂತಿರುತ್ತಾನೆ. ರಾಜನಿಗೆ ಬೊಕ್ಕಸವಿತ್ತು, ಇವನಿಗೆ ಪಾಸ್‌ಬುಕ್ಕಿದೆ. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆಯನ್ನು ನಾವು ಸಹಕಾರದ ಪಾಠವೆಂದು ಹೇಳಿಕೊಡುತ್ತೇವೆ. ನಮ್ಮ ಕ್ಲಬ್ಬುಗಳಲ್ಲಿ ಹತ್ತೂ ಕಡ್ಡಿಗಳು ಕೊನೆಗೆ ಒಬ್ಬನ ತಲೆಯ ಮೇಲೆಯೇ ಕೂರುತ್ತವೆ.

ಕಾನೂನಿನ ಕಣ್ಣಿಗೆ ಕಾಣುವುದು ಸಹಿ

ವಕೀಲರು ಅಂದು ನಮಗೆ ವಿವರಿಸಿದ್ದನ್ನು, ಆಮೇಲೆ ನಾವು ಓದಿ ತಿಳಿದದ್ದನ್ನು ಇಲ್ಲಿ ಸರಳವಾಗಿ ಹೇಳುತ್ತೇವೆ.

ನೋಂದಣಿಯಾಗದ ಸಂಘಕ್ಕೆ ಕಾನೂನಿನಲ್ಲಿ ಪ್ರತ್ಯೇಕ ವ್ಯಕ್ತಿತ್ವವಿಲ್ಲ. ಅದರ ಹೆಸರಿನಲ್ಲಿ ದಾವೆ ಹೂಡಲು ಬರುವುದಿಲ್ಲ, ಅದರ ಮೇಲೆ ಹೂಡಲೂ ಬರುವುದಿಲ್ಲ. ಸದಸ್ಯರೆಲ್ಲರನ್ನೂ ಹೆಸರಿಸಬೇಕು, ಇಲ್ಲವೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮದಂತೆ ಕೆಲವರು ಎಲ್ಲರ ಪರವಾಗಿ ನಿಲ್ಲಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಸಾಲಗಾರನಿಗೆ ಇಷ್ಟು ಸುತ್ತು ಯಾಕೆ ಬೇಕು? ಅವನಿಗೆ ಹತ್ತಿರದ ದಾರಿಯೊಂದಿದೆ. 1872ರ ಕರಾರು ಕಾಯ್ದೆಯ 230ನೇ ಕಲಂ ಪ್ರಕಾರ, ಇನ್ನೊಬ್ಬರ ಪರವಾಗಿ ಕರಾರು ಮಾಡಿದ ಪ್ರತಿನಿಧಿ ಸಾಮಾನ್ಯವಾಗಿ ಸ್ವತಃ ಹೊಣೆಗಾರನಲ್ಲ. ಆದರೆ ಅದೇ ಕಲಮಿನಲ್ಲಿ ಅಪವಾದಗಳಿವೆ. ಯಾರ ಪರವಾಗಿ ಸಹಿ ಹಾಕಿದೆಯೋ ಅವರ ಹೆಸರು ಹೇಳಿದ್ದರೂ ಅವರ ಮೇಲೆ ದಾವೆ ಹೂಡಲು ಬರುವಂತಿಲ್ಲವಾದರೆ, ಸಹಿ ಹಾಕಿದವನೇ ಹೊಣೆಗಾರ ಎಂದು ಕಾನೂನು ಊಹಿಸುತ್ತದೆ. ಇಲ್ಲದ ಸಂಘದ ಪರವಾಗಿ ಹಾಕಿದ ಸಹಿ ತನ್ನ ಪರವಾಗಿಯೇ ಹಾಕಿಕೊಂಡ ಸಹಿ. ರಬ್ಬರ್ ಸೀಲು ಅದನ್ನು ಬದಲಿಸುವುದಿಲ್ಲ.

ಹಾಗಾದರೆ ಕ್ಲಬ್ಬು ಪಾಲುದಾರಿಕೆ ಅಲ್ಲವೇ, ಎಲ್ಲರೂ ಸಮನಾಗಿ ಹೊರಬಾರದೇ ಎಂದು ಕೇಳಬಹುದು. 1932ರ ಪಾಲುದಾರಿಕೆ ಕಾಯ್ದೆಗೆ ಬೇಕಾದದ್ದು ವ್ಯಾಪಾರ ಮತ್ತು ಲಾಭದ ಹಂಚಿಕೆ. ನಾವು ಲಾಭ ಹಂಚಿಕೊಳ್ಳಲು ಸೇರಿದವರಲ್ಲ. ಆದ್ದರಿಂದ ನಷ್ಟ ಹಂಚಿಕೊಳ್ಳುವ ಆ ನಿಯಮವೂ ನಮಗೆ ಒದಗುವುದಿಲ್ಲ. ಲಾಭಕ್ಕಾಗಿ ಸೇರಿದ ಇಬ್ಬರು ಒಬ್ಬರಿಗೊಬ್ಬರು ಹೊಣೆಯಾಗುತ್ತಾರೆ, ಪ್ರೀತಿಗಾಗಿ ಸೇರಿದ ಹದಿನಾಲ್ಕು ಮಂದಿ ಆಗುವುದಿಲ್ಲ. ಇದು ಎಂಥ ವಿಪರ್ಯಾಸವೆಂದು ಓದುಗರೇ ಯೋಚಿಸಲಿ.

ಈ ವಿಪರ್ಯಾಸಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಲ್ಲಿ ಒಂದು ಕ್ಲಬ್ಬಿನ ಟ್ರಸ್ಟಿಗಳು ತಮ್ಮ ಹೆಸರಿನಲ್ಲಿ ಕಟ್ಟಡವನ್ನು ಗುತ್ತಿಗೆಗೆ ಹಿಡಿದಿದ್ದರು. ಕ್ಲಬ್ಬು ಮುಳುಗಿತು, ಬಾಡಿಗೆಯ ಹೊಣೆ ಉಳಿಯಿತು. ಸದಸ್ಯರು ಈ ಹೊರೆಯನ್ನು ಹೊರಬೇಕೆಂದು ಕೇಳಿದಾಗ ಲಂಡನ್ನಿನ ಪ್ರಿವಿ ಕೌನ್ಸಿಲ್ 1903ರಲ್ಲಿ ತೀರ್ಪಿತ್ತಿತು: ಕ್ಲಬ್ಬಿನ ಸದಸ್ಯನೆಂದರೆ ನಿಯಮದಂತೆ ಚಂದಾ ಕೊಡುವವನು, ನಿಯಮಾವಳಿಯಲ್ಲಿ ಬೇರೆ ಹೇಳದಿದ್ದರೆ ಅದಕ್ಕಿಂತ ಹೆಚ್ಚಿನ ಹೊಣೆ ಅವನಿಗಿಲ್ಲ. ಸದಸ್ಯರಿಗೆ ಇದು ರಕ್ಷಣೆ. ಸಹಿ ಹಾಕಿದವರಿಗೆ ಇದೇ ಶಿಕ್ಷೆ.

ಆದರೂ ನಮ್ಮ ಮಾಸ್ತರರಿಗೆ ಒಂದು ಬಾಗಿಲು ಇತ್ತು. ಕಾರ್ಯಕ್ರಮ ಮಾಡಿ, ಕರಾರಿಗೆ ಸಹಿ ಹಾಕಿ ಎಂದು ಒಪ್ಪಿಗೆ ಕೊಟ್ಟವರು ಅವರ ಹಿಂದಿನ ಯಜಮಾನರಾಗುತ್ತಾರೆ. ಅಂಥವರು ಪ್ರತಿನಿಧಿಯ ನಷ್ಟವನ್ನು ತುಂಬಿಕೊಡಬೇಕೆಂದು ಕರಾರು ಕಾಯ್ದೆಯ 222ನೇ ಕಲಂ ಹೇಳುತ್ತದೆ. ಆದರೆ ಒಪ್ಪಿಗೆ ಕೊಟ್ಟದ್ದಕ್ಕೆ ಸಾಕ್ಷಿ ಬೇಕಲ್ಲ? ನಮ್ಮಲ್ಲಿ ಠರಾವು ಪುಸ್ತಕವೇ ಇರಲಿಲ್ಲ. ಚಹಾ ಕುಡಿಯುತ್ತ ‘ಹೂಂ, ಮಾಡೋಣ’ ಎಂದದ್ದು ಯಾವ ಪುಟದಲ್ಲೂ ಬರೆದಿಲ್ಲ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ಕು ಇದ್ದಿದ್ದರೆ ಆ ಠೇವಣಿ ಉಳಿಯುತ್ತಿತ್ತೋ ಏನೋ. ಕೂಟವೂ ಉಳಿಯುತ್ತಿತ್ತು, ಯಾಕೆಂದರೆ ಬರೆದು ಓದಿ ಹೇಳಿದ ಮೇಲೆ ‘ನಮ್ಮನ್ನು ಕೇಳಿದ್ದರೇ?’ ಎಂಬ ಮಾತು ಬರುತ್ತಿರಲಿಲ್ಲ.

ನೋಂದಣಿ ಕೊಡುವುದು ಎಷ್ಟು, ಕೊಡದಿರುವುದು ಎಷ್ಟು

ನಮ್ಮ ರಾಜ್ಯದಲ್ಲಿ ಇಂಥ ಕೂಟಗಳಿಗೆ ಇರುವ ರೂಢಿಯ ದಾರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಏಳು ಮಂದಿ ವಯಸ್ಕರು ಸಾಕು. ಲಲಿತಕಲೆಯ ಪ್ರಸಾರ ಕಾಯ್ದೆ ಒಪ್ಪುವ ಉದ್ದೇಶಗಳಲ್ಲಿ ಒಂದು. ಜಿಲ್ಲೆಯಲ್ಲಿ ಈ ಕೆಲಸ ಸಹಕಾರ ಇಲಾಖೆಯ ಅಧಿಕಾರಿಗಳ ಕೈಯಲ್ಲಿದೆ. ಹಾಗಾಗಿ ಇದನ್ನು ಸಹಕಾರಿ ಸಂಘದೊಂದಿಗೆ ಗೊಂದಲ ಮಾಡಿಕೊಳ್ಳುವವರು ಬಹಳ. ಎರಡೂ ಬೇರೆ ಬೇರೆ ಕಾಯ್ದೆಗಳ ಕೂಸುಗಳು.

ನೋಂದಾಯಿತ ಸಂಘದ ದೊಡ್ಡ ಲಾಭ ಒಂದೇ. ದಾವೆ ಅಧ್ಯಕ್ಷನ ಅಥವಾ ಕಾರ್ಯದರ್ಶಿಯ ಹೆಸರಿನಲ್ಲಿ ನಡೆದರೂ ತೀರ್ಪಿನ ಹಣ ವಸೂಲಾಗಬೇಕಾದದ್ದು ಸಂಘದ ಆಸ್ತಿಯಿಂದ, ಆತನ ಮನೆಮಠದಿಂದ ಅಲ್ಲ. ಬ್ರಿಟಿಷರ ಕಾಲದ 1860ರ ಕಾಯ್ದೆಯ 8ನೇ ಕಲಮಿನಲ್ಲಿ ಈ ಮಾತು ಸ್ಪಷ್ಟವಾಗಿದೆ. ನಮ್ಮ ರಾಜ್ಯದ ಕಾಯ್ದೆ ನಿಂತಿರುವುದೂ ಇದೇ ತತ್ವದ ಮೇಲೆ.

ಆದರೆ ನೋಂದಣಿಯಾದ ಕೂಡಲೇ ಸಂಘವು ಕಂಪನಿಯಂತೆ ಪೂರ್ಣ ವ್ಯಕ್ತಿಯಾಗುವುದಿಲ್ಲ. ಹಕೀಂ ಅಜ್ಮಲ್ ಖಾನರು ದೆಹಲಿಯಲ್ಲಿ ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿನ ಆಡಳಿತ ಮಂಡಳಿಯೂ 1860ರ ಕಾಯ್ದೆಯಡಿ ನೋಂದಾಯಿತ ಸಂಘವಾಗಿತ್ತು. ಅದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1961ರಲ್ಲಿ ಹೇಳಿದ್ದು ಇದನ್ನೇ: ನೋಂದಾಯಿತ ಸಂಘಕ್ಕೆ ನಿಗಮದ ಕೆಲವು ಲಕ್ಷಣಗಳಿವೆ, ಆದರೆ ಅದು ನಿಗಮವಲ್ಲ. ಪೂರ್ಣ ವ್ಯಕ್ತಿತ್ವ ಬೇಕಾದವರು 2013ರ ಕಂಪನಿ ಕಾಯ್ದೆಯ 8ನೇ ಕಲಮಿನಡಿ ಲಾಭರಹಿತ ಕಂಪನಿ ಕಟ್ಟಬಹುದು. ಆದರೆ ವಾರಕ್ಕೊಮ್ಮೆ ಯಮನ್ ಹಾಡುವ ಹದಿನಾಲ್ಕು ಮಂದಿಗೆ ಲೆಕ್ಕಪರಿಶೋಧಕರ ಶುಲ್ಕವೇ ವರ್ಷದ ಚಂದಾ ನುಂಗಿಬಿಡುತ್ತದೆ. ಟ್ರಸ್ಟ್ ಮಾಡುವುದು ಸುಲಭವೆಂದು ಸಲಹೆ ಕೊಡುವವರಿದ್ದಾರೆ. ಟ್ರಸ್ಟೂ ಪ್ರತ್ಯೇಕ ವ್ಯಕ್ತಿಯಲ್ಲ. ಹೊರಗಿನವರೊಡನೆ ಕರಾರು ಮಾಡುವವರು ಟ್ರಸ್ಟಿಗಳೇ. ಟ್ರಸ್ಟಿನಲ್ಲಿ ಹಣವಿದ್ದರೆ ಅವರು ಅದರಿಂದ ತುಂಬಿಕೊಳ್ಳಬಹುದು, ಇಲ್ಲದಿದ್ದರೆ ಇಲ್ಲ. ಮೇಲಾಗಿ ಅಲ್ಲಿ ಸದಸ್ಯರ ಮತಕ್ಕೆ ಬೆಲೆಯಿಲ್ಲ. ಹದಿನಾಲ್ಕು ಸಮಾನರ ಕೂಟ ಮೂವರು ಟ್ರಸ್ಟಿಗಳ ಆಸ್ತಿಯಾಗಿಬಿಡುವ ಅಪಾಯವಿದೆ.

ನೋಂದಣಿ ಕಾಪಾಡದ ಸಂದರ್ಭಗಳೂ ಇವೆ. ಬ್ಯಾಂಕು ಅಥವಾ ಅಂಗಡಿಯವರು ಪದಾಧಿಕಾರಿಯಿಂದ ವೈಯಕ್ತಿಕ ಜಾಮೀನು ಪಡೆದಿದ್ದರೆ ಸಂಘದ ಗೋಡೆ ಅಲ್ಲಿಗೆ ಕುಸಿಯಿತು. ಸಂಘದ ಚೆಕ್ ಬೌನ್ಸ್ ಆದರೆ, ವ್ಯಕ್ತಿಗಳ ಯಾವುದೇ ಕೂಟವನ್ನು ಕಂಪನಿಯಂತೆಯೇ ನೋಡುವ ವರ್ಗಾವಣೀಯ ಲಿಖಿತಗಳ ಕಾಯ್ದೆಯ 141ನೇ ಕಲಂ ಸಹಿ ಹಾಕಿದವರನ್ನು ಹುಡುಕಿ ಬರುತ್ತದೆ. ವೇದಿಕೆಯ ತಂತಿ ಸರಿಯಾಗಿ ಹಾಕಿಸದೆ ಯಾರಿಗಾದರೂ ವಿದ್ಯುತ್ ತಗುಲಿ ಪ್ರಾಣ ಹೋದರೆ, ಅಲಕ್ಷ್ಯ ಮಾಡಿದವನು ಸಂಘದ ಹಿಂದೆ ಅಡಗಲಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಲಕ್ಷ್ಯದಿಂದಾಗುವ ಸಾವಿಗೆ ಐದು ವರ್ಷಗಳವರೆಗೆ ಸೆರೆವಾಸ ಹೇಳುತ್ತದೆ. ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಅನುಮತಿಯ ಅರ್ಜಿಯ ಮೇಲೂ ಬರುವುದು ಯಾರೋ ಒಬ್ಬರ ಹೆಸರೇ.

ಹಾಡು ಯಾರದು?

ಸಂಗೀತದ ಕೂಟಕ್ಕೆ ಮಾತ್ರ ಅಂಟಿದ ಇನ್ನೊಂದು ಹೊಣೆ ಕೃತಿಸ್ವಾಮ್ಯದ್ದು. ಇಲ್ಲಿ ಅನಗತ್ಯ ಹೆದರಿಕೆಯೂ ಇದೆ, ಅನಗತ್ಯ ಧೈರ್ಯವೂ ಇದೆ.

1957ರ ಕೃತಿಸ್ವಾಮ್ಯ ಕಾಯ್ದೆ ಹವ್ಯಾಸಿಗಳನ್ನು ಮರೆತಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಅದರ 52ನೇ ಕಲಂ ಪ್ರಕಾರ, ಹವ್ಯಾಸಿ ಕ್ಲಬ್ಬು ಅಥವಾ ಸಂಘವು ಹಣ ಕೊಡದ ಶ್ರೋತೃಗಳ ಮುಂದೆ ಹಾಡಿದರೆ, ಇಲ್ಲವೆ ಧಾರ್ಮಿಕ ಸಂಸ್ಥೆಯೊಂದರ ನೆರವಿಗಾಗಿ ಹಾಡಿದರೆ ಅದು ಉಲ್ಲಂಘನೆಯಲ್ಲ. ಲಾಭಕ್ಕಾಗಿ ನಡೆಸದ ಕ್ಲಬ್ಬು ತನ್ನ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಿಕೆ ಕೇಳಿಸುವುದಕ್ಕೂ ಅದೇ ಕಲಮಿನಲ್ಲಿ ವಿನಾಯಿತಿಯಿದೆ. ಗುರುವಾರದ ಕೋಣೆಯಲ್ಲಿ ಬೇಂದ್ರೆಯವರ ಕವಿತೆ ಹಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಟಿಕೆಟ್ ಇಟ್ಟ ಕೂಡಲೇ ಈ ಆಸರೆ ತಪ್ಪುತ್ತದೆ. ಟಿಕೆಟ್ ಎನ್ನದೆ ‘ಗೌರವ ಪಾಸು’ ಎಂದು ಹಣ ಪಡೆದರೂ ಅದು ಹಣವೇ. ಹಾಡಿದ್ದನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವುದು ಬೇರೆಯೇ ಹಕ್ಕಿನ ಮಾತು. ಇಂದು ಊರೂರಿಗೆ ಹಬ್ಬಿರುವ ಕರೋಕೆ ಕ್ಲಬ್ಬುಗಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಟ್ರ್ಯಾಕಿಗೆ ಒಂದು ಹಕ್ಕು, ಸಾಹಿತ್ಯಕ್ಕೆ ಒಂದು, ರಾಗಸಂಯೋಜನೆಗೆ ಮತ್ತೊಂದು.

ಶಿಶುನಾಳ ಶರೀಫರ ಉದಾಹರಣೆ ತೆಗೆದುಕೊಳ್ಳೋಣ. 1889ರಲ್ಲಿ ತೀರಿಕೊಂಡ ಶರೀಫರ ಪದಗಳು ಎಲ್ಲರವು. ಆದರೆ ಇಂದು ನಮ್ಮ ಬಾಯಲ್ಲಿರುವ ಎಷ್ಟೋ ಧಾಟಿಗಳು 2009ರಲ್ಲಿ ತೀರಿಕೊಂಡ ಸಿ. ಅಶ್ವತ್ಥರ ಸಂಯೋಜನೆಗಳು. ರಚನಕಾರನ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ಪದ ಶರೀಫರದು, ಧಾಟಿ ಇನ್ನೊಬ್ಬರದು, ದನಿ ನಮ್ಮದು. ಟಿಕೆಟ್ ಕಾರ್ಯಕ್ರಮ ಮಾಡುವವರು ಇಷ್ಟನ್ನಾದರೂ ಬಿಡಿಸಿ ನೋಡಬೇಕು.

ತಪ್ಪಾದರೆ ಸಿಕ್ಕಿಕೊಳ್ಳುವವರು ಯಾರು? ಇದೇ ಕಾಯ್ದೆಯ 69ನೇ ಕಲಮಿನಲ್ಲಿ ‘ಕಂಪನಿ’ ಎಂದರೆ ವ್ಯಕ್ತಿಗಳ ಕೂಟವೂ ಸೇರಿದೆ. ಆಗ ಉಸ್ತುವಾರಿ ಹೊತ್ತವರು ತಮಗೆ ಗೊತ್ತಿರಲಿಲ್ಲ ಅಥವಾ ತಕ್ಕ ಎಚ್ಚರ ವಹಿಸಿದ್ದೆವು ಎಂದು ತೋರಿಸಬೇಕಾಗುತ್ತದೆ. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 63ನೇ ಕಲಂ ಮೂರು ವರ್ಷಗಳವರೆಗೆ ಸೆರೆವಾಸ ಹೇಳುತ್ತದೆ. ಇದು ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಿಲ್ಲದ ಅಪರಾಧವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದೊಡ್ಡ ಕಳ್ಳಪ್ರತಿ ದಂಧೆಗೆಂದು ಹರಿತ ಮಾಡಿದ ಕತ್ತಿ ಇದು. ಸಣ್ಣ ಊರಿನ ಸಣ್ಣ ಕೂಟದ ತಲೆಯ ಮೇಲೂ ಇದೇ ಕತ್ತಿ ತೂಗಬೇಕೇ ಎಂಬುದು ಶಾಸನ ಮಾಡುವವರು ಯೋಚಿಸಬೇಕಾದ ಪ್ರಶ್ನೆ.

ಬೈಲಾ ಎಂಬ ಸಾಹಿತ್ಯ

ಈಗ ನಿಜವಾದ ವಿಮರ್ಶೆಗೆ ಬರೋಣ. ನಮ್ಮ ಕೂಟ ಮುರಿದ ಮೇಲೆ ಸುತ್ತಲಿನ ಊರುಗಳ ಮೂರು ಸಂಗೀತ ಸಂಘಗಳ ಬೈಲಾಗಳನ್ನು ತರಿಸಿ ಓದಿದೆವು. ಮೂರೂ ಒಂದೇ ಅಚ್ಚಿನಿಂದ ತೆಗೆದಂತಿದ್ದವು. ಟೈಪಿಂಗ್ ಅಂಗಡಿಯಲ್ಲಿ ಮೊದಲೇ ಸಿದ್ಧವಿರುವ ಪ್ರತಿ, ಹೆಸರು ಮತ್ತು ವಿಳಾಸ ಮಾತ್ರ ಬೇರೆ. ಉದ್ದೇಶಗಳ ಪಟ್ಟಿಯಲ್ಲಿ ವೃದ್ಧಾಶ್ರಮ ಇದೆ, ಅಂಗನವಾಡಿ ಇದೆ, ಆಂಬುಲೆನ್ಸ್ ಇದೆ, ಗೋಶಾಲೆ ಇದೆ, ಕಂಪ್ಯೂಟರ್ ತರಬೇತಿ ಇದೆ. ಒಂದರಲ್ಲಂತೂ ಸಂಗೀತ ಎಂಬ ಶಬ್ದ ಹದಿನೇಳನೆಯ ಉದ್ದೇಶದಲ್ಲಿ, ‘ಕ್ರೀಡೆ’ಯ ನಂತರ ಬರುತ್ತದೆ. ಮುಂದೆ ಯಾವುದಾದರೂ ಅನುದಾನ ಸಿಕ್ಕೀತು ಎಂಬ ಆಸೆಯಿಂದ ಎಲ್ಲವನ್ನೂ ತುಂಬಿರುತ್ತಾರೆ. ಹಾಡಲೆಂದು ಸೇರಿದ ಜನ ತಮ್ಮ ಸಂವಿಧಾನದಲ್ಲಿ ಹಾಡಿನ ಮಾತನ್ನೇ ಆಡಿಲ್ಲ!

ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದು ದೊಡ್ಡದು. ಎಷ್ಟು ರೂಪಾಯಿಯವರೆಗೆ ಕಾರ್ಯದರ್ಶಿ ಒಬ್ಬನೇ ಸಹಿ ಹಾಕಬಹುದು? ಮೂರರಲ್ಲಿ ಒಂದೂ ಹೇಳುವುದಿಲ್ಲ. ಕಾರ್ಯಕ್ರಮದಲ್ಲಿ ನಷ್ಟವಾದರೆ ತುಂಬುವುದು ಹೇಗೆ? ಮಾತಿಲ್ಲ. ಸದಸ್ಯರೊಬ್ಬರು ತಂದಿಟ್ಟ ತಬಲಾ ಅವರದೋ ಸಂಘದ್ದೋ? ಮಾತಿಲ್ಲ. ಅಧ್ಯಕ್ಷರಿಗೆ ಹಾರ ಹಾಕುವ ವಿಧಿ, ಶಿಸ್ತುಕ್ರಮದ ವಿಧಿ, ಅಧಿಕಾರದ ವಿಧಿ ಪುಟಗಟ್ಟಲೆ ಇವೆ. ಹೊಣೆಯ ವಿಧಿ ಒಂದು ಸಾಲೂ ಇಲ್ಲ. ನಮ್ಮ ಸಾರ್ವಜನಿಕ ಜೀವನದ ಕನ್ನಡಿಯಂತೆ ಈ ಬೈಲಾಗಳು ನಮಗೆ ಕಂಡವು.

ನೋಂದಾಯಿಸಿ ಮರೆತುಬಿಡುವುದು ಎರಡನೆಯ ರೋಗ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೊದಲ ವರ್ಷ ಉತ್ಸಾಹದಿಂದ ಸಲ್ಲಿಸುತ್ತಾರೆ, ಎರಡನೆಯ ವರ್ಷ ತಡವಾಗುತ್ತದೆ, ಮೂರನೆಯ ವರ್ಷದಿಂದ ಕಡತ ನಿದ್ದೆಹೋಗುತ್ತದೆ. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರ ಮಾತ್ರ ಎಚ್ಚರವಾಗಿರುತ್ತದೆ. ಅಪಾಯ ಬಂದ ದಿನ ಎದುರಿನ ವಕೀಲರು ಮೊದಲು ಕೇಳುವುದೇ ಈ ಕಡತವನ್ನು.

ಹಾಗೆಂದು ತಪ್ಪೆಲ್ಲ ನಮ್ಮದೇ ಎನ್ನಲಾರೆವು. ಕಾನೂನು ಸಣ್ಣದನ್ನು ಸಣ್ಣದಾಗಿ ನೋಡಲು ಕಲಿತಿಲ್ಲ. ಕೋಟಿಗಟ್ಟಲೆ ಆಸ್ತಿಯ ವಿದ್ಯಾಸಂಸ್ಥೆಗೂ ತಿಂಗಳಿಗೆ 2,800 ರೂಪಾಯಿ ಚಂದಾ ಎತ್ತುವ ಹಾಡಿನ ಕೂಟಕ್ಕೂ ಇರುವುದು ಒಂದೇ ಸಂಘ ಕಾಯ್ದೆ. ದಾನಿಗಳಿಗೆ ತೆರಿಗೆ ವಿನಾಯಿತಿ ಬೇಕಾದರೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಬೇರೆ, ಬ್ಯಾಂಕ್ ಖಾತೆಗೆ ಪ್ಯಾನ್ ಬೇರೆ. ಇಷ್ಟೆಲ್ಲ ಕಚೇರಿ ಅಲೆಯುವ ಹೊತ್ತಿನಲ್ಲಿ ಎರಡು ರಾಗ ಕಲಿಯಬಹುದಿತ್ತು ಎಂದು ಯಾರಾದರೂ ಗೊಣಗಿದರೆ ಅವರನ್ನು ನಾವು ಬೈಯಲಾರೆವು. ಸಣ್ಣ ಹವ್ಯಾಸಿ ಕೂಟಗಳಿಗೆ ಒಂದೇ ಪುಟದ ಅರ್ಜಿ, ಒಂದೇ ಪುಟದ ವಾರ್ಷಿಕ ಲೆಕ್ಕ ಸಾಕೆನ್ನುವ ತಿದ್ದುಪಡಿಗೆ ಕನ್ನಡದ ಸಾಂಸ್ಕೃತಿಕ ಲೋಕ ಕೇಳಬೇಕು. ಅಕಾಡೆಮಿ, ಪ್ರಶಸ್ತಿಗಳ ಬಗ್ಗೆ ನಡೆಯುವ ಜಗಳದ ಹತ್ತನೇ ಒಂದು ಭಾಗ ಇದಕ್ಕೆ ಸಾಕು.

ಹಾಡುವವರ ನಡುವೆ ಲೆಕ್ಕ

ಎಲ್ಲ ಕೂಟಗಳೂ ನೋಂದಣಿ ಮಾಡಿಸಬೇಕೇ? ಬೇಡ ಎಂದೇ ನಮ್ಮ ಅಭಿಪ್ರಾಯ. ಆರು ಗೆಳೆಯರು ಒಬ್ಬರ ಮನೆಯಲ್ಲಿ ಸೇರಿ ಹಾಡಿಕೊಳ್ಳುವುದಕ್ಕೆ ಸರಕಾರದ ಮೊಹರು ಯಾಕೆ? ಅಂಥಲ್ಲಿ ಒಂದೇ ನಿಯಮ ಸಾಕು: ಕೈಯಲ್ಲಿ ಕೂಡಿದ ಹಣಕ್ಕಿಂತ ಹೆಚ್ಚಿನ ಮಾತು ಯಾರಿಗೂ ಕೊಡಬಾರದು. ಆದರೆ ಸಭಾಂಗಣ ಗೊತ್ತು ಮಾಡುವ ದಿನ, ಟಿಕೆಟ್ ಅಚ್ಚು ಹಾಕಿಸುವ ದಿನ, ಕೋಣೆಯನ್ನು ಬಾಡಿಗೆ ಕರಾರಿಗೆ ಹಿಡಿಯುವ ದಿನ, ಬೆಲೆಬಾಳುವ ಸಾಮಾನು ತರುವ ದಿನ ಕೂಟ ತನ್ನನ್ನು ತಾನು ಕೇಳಿಕೊಳ್ಳಬೇಕು - ಇಂದು ಸಹಿ ಹಾಕುವವನ ಹಿಂದೆ ಯಾರಿದ್ದಾರೆ? ಅಂದಿನಿಂದ ನೋಂದಣಿ ಅನುಮಾನದ ಮಾತಲ್ಲ, ಅಗತ್ಯದ ಮಾತು. ನೋಂದಣಿಯ ಜೊತೆಗೆ ಠರಾವು ಪುಸ್ತಕ, ಇಬ್ಬರ ಸಹಿಯ ಖಾತೆ, ಖರ್ಚಿನ ಮಿತಿ, ವಾದ್ಯಗಳ ಪಟ್ಟಿ, ಕಾರ್ಯಕ್ರಮಕ್ಕೊಂದು ವಿಮೆ. ಕರಾರಿನ ಹಿಂಬದಿಯ ಸಣ್ಣ ಅಕ್ಷರವನ್ನು ಒಬ್ಬರು ಜೋರಾಗಿ ಓದಿ ಎಲ್ಲರೂ ಕೇಳುವುದು. ಹಾರ್ಮೋನಿಯಂ ಶ್ರುತಿ ನೋಡಿಕೊಳ್ಳುವಷ್ಟೇ ಸಹಜವಾಗಿ ಇದು ನಡೆಯಬೇಕು.

‘ನಮ್ಮ ನಮ್ಮೊಳಗೆ ಲೆಕ್ಕ ಯಾಕೆ?’ ಎಂಬ ಮಾತು ನಮ್ಮಲ್ಲಿ ದೊಡ್ಡತನವೆಂದು ಸಲ್ಲುತ್ತದೆ. ನಾವೂ ಹಾಗೆಯೇ ಆಡಿದವರು. ಈಗ ಅನ್ನಿಸುತ್ತಿದೆ, ಲೆಕ್ಕ ಬೇಡವೆನ್ನುವುದು ಸ್ನೇಹವಲ್ಲ. ಕೂಟದ ಅತ್ಯಂತ ಮೆತ್ತನೆಯ ಮನುಷ್ಯನ ಮೇಲೆ ಎಲ್ಲರ ಭಾರ ಹಾಕಿ ಕಣ್ಣು ಮುಚ್ಚಿಕೊಳ್ಳುವುದು. ಕಾರ್ಯದರ್ಶಿಯಾಗಿ ಆರಿಸುವುದು ಯಾರನ್ನು? ಬೇಡ ಎನ್ನಲು ಬಾರದವನನ್ನು. ‘ಅಮಾನತ್ತು’ ಎಂಬ ಶಬ್ದ ಇಂದು ನಮ್ಮ ಕಚೇರಿಗಳಲ್ಲಿ ನೌಕರನನ್ನು ಕೆಲಸದಿಂದ ತಡೆಹಿಡಿಯುವ ಅರ್ಥಕ್ಕೆ ಇಳಿದಿದೆ. ಅದರ ಹಳೆಯ ಅರ್ಥ, ನಂಬಿ ಒಬ್ಬರ ಕೈಗೆ ಒಪ್ಪಿಸಿದ ವಸ್ತು. ಚಂದಾ ಹಣ ಮಾತ್ರ ಅಮಾನತ್ತಲ್ಲ. ಸಂಘದ ಪರವಾಗಿ ಸಹಿ ಹಾಕುವವನ ಮನೆ, ಮಾನ, ಮಗಳ ಮದುವೆಯ ಠೇವಣಿ ಕೂಡ ಉಳಿದ ಹದಿಮೂರು ಮಂದಿಯ ಕೈಯಲ್ಲಿರುವ ಅಮಾನತ್ತು.

ಕಳೆದ ತಿಂಗಳು ನಾವು ಐವರು ಮಾಸ್ತರರ ಮನೆಗೆ ಹೋಗಿದ್ದೆವು. ಮತ್ತೆ ಕೂಡೋಣವೇ ಎಂದು ಕೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೂಡೋಣಂತ. ಮೊದಲ ಒಂದು ನೋಟ್‌ಬುಕ್ ತರ್ರಿ” ಎಂದರು. ಏಳು ಹೆಸರು ಬೇಕು. ಸದ್ಯಕ್ಕೆ ಆರಾಗಿವೆ.